ದೊಣೆಗೆ ಹೊತ್ತ ನೀರು

ಗಾಳೆಪ್ಪ ಕೆಲಸ ಬಿಟ್ಟು ಒಬ್ಬನೇ ತಿರುಗಲು ಹೊರಟಿದ್ದಾನೆ ಎಂಬ ಸುದ್ದಿ ಕೇಳಿ ಸಿಂಧನೂರಿನ ಆ ಅಕ್ಕಿ ಗಿರಣಿಯಲ್ಲಿ ಹಮಾಲರಿಂದ ಹಿಡಿದು ನುಚ್ಚು ಕೇರುವ ಹೆಂಗಸರವರೆಗೆ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲಿ. ಹನ್ನೆರಡು ವರ್ಷ ಬಾಯ್ಲರಿನ ಬಾಯಿಗೆ ಭತ್ತದ ಹೊಟ್ಟು ತುರುಕಿದವನು ಅವನು, ನಕ್ಕವರಲ್ಲ. ಏಳನೆಯ ಇಯತ್ತೆಯಲ್ಲಿ ಪಾಟಿಚೀಲ ಕೆಳಗಿಟ್ಟು ಸಲಿಕೆ ಹಿಡಿದಿದ್ದ. ಹುಬ್ಬಿನ ಕೂದಲು ಎರಡು ಸಲ ಸುಟ್ಟು ಎರಡು ಸಲ ಬೆಳೆದಿದ್ದವು. ಮೂರನೆಯ ಸಲ ಬೆಳೆಯಲಿಲ್ಲ. ಹುಬ್ಬಿಲ್ಲದ ಮುಖವಾದ್ದರಿಂದ ಅವನು ಸುಮ್ಮನೆ ನೋಡಿದರೂ ಎದುರಿನವರಿಗೆ ಸಿಟ್ಟಿಗೆದ್ದ ಹಾಗೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಸಿಟ್ಟೂ ಇತ್ತು.

ಅದು ಎಂಬತ್ತೊಂಬತ್ತರ ಏಪ್ರಿಲ್ ತಿಂಗಳು. ಎಡದಂಡೆ ಕಾಲುವೆಗೆ ನೀರು ನಿಲ್ಲಿಸಿದ್ದರು. ನೀರು ನಿಂತರೆ ಗದ್ದೆ ನಿಂತಿತು, ಗದ್ದೆ ನಿಂತರೆ ಗಿರಣಿ ನಿಂತಿತು. ಆದರೆ ಆಳುಗಳು ನಿಲ್ಲುವ ಹಾಗಿಲ್ಲ. ಪ್ರತಿ ವರ್ಷ ಈ ಎರಡು ತಿಂಗಳು ಮಾಲೀಕನ ಮನೆಗೆ ಸುಣ್ಣ ಬಳಿಯಬೇಕು, ಅವನ ಹಿತ್ತಲ ಕಸ ತೆಗೆಯಬೇಕು, ಎರಡು ಹೊತ್ತಿನ ಅನ್ನ ತಿಂದು ಅದನ್ನೇ ಉಪಕಾರ ಎಂದುಕೊಳ್ಳಬೇಕು. ಆ ವರ್ಷ ಗಾಳೆಪ್ಪ ಸುಣ್ಣದ ಬಕೀಟನ್ನು ಕಾಲಿಂದ ಒದ್ದ.

ಗಿರಣಿಯ ಮೇಸ್ತ್ರಿ ನರಸಣ್ಣ ಗೇಟಿನ ಹತ್ತಿರ ಅವನನ್ನು ಹಿಡಿದು ನಿಲ್ಲಿಸಿದ.

"ಎಲ್ಲಿಗಲೇ ಹೊಂಟೀ, ಬೆನ್ನಮ್ಯಾಲ ಚೀಲ ಹೊತ್ಕೊಂಡು?"

"ತಿರುಗಾಕ."

"ಏನ್ ತಿರುಗಾಕ? ಕುರಿ ಅದಾವೇನು ನಿನಗ? ಕನ್ಯಾ ನೋಡಾಕ ಹೊಂಟೀಯೇನು? ದೇವರಿಗಿ ಹರಕಿ ಹೊತ್ತೀಯೇನು?"

"ಏನೂ ಇಲ್ಲ. ಬರೇ ತಿರುಗಾಕ. ಗುಡ್ಡ ನೋಡ್ತೀನಿ. ತ್ವಾಳ ನೋಡ್ತೀನಿ."

"ತ್ವಾಳ ನೋಡಾಕ ಗುಡ್ಡಕ್ಯಾಕ ಹೋಗ್ತಿ? ಉಣ್ಣೋ ಹೊತ್ತಿಗೆ ಮಾಲೀಕನ ಮನೀ ಮುಂದ ಹೋಗಿ ನಿಂದರು, ಬಾಯಿ ತುಂಬ ಹಲ್ಲು ಕಾಣ್ತಾವು."

ಸುತ್ತ ನಿಂತವರು ಮತ್ತೊಮ್ಮೆ ನಕ್ಕರು. ಗಾಳೆಪ್ಪನೂ ನಕ್ಕ. ಆದರೆ ನಿಲ್ಲಲಿಲ್ಲ.

ಈ ಹುಚ್ಚು ಹತ್ತಿಸಿದವನು ಒಬ್ಬ ಬೊಂಬಾಯಿಯವನು. ಎರಡು ವರ್ಷದ ಹಿಂದೆ ಗಾಳೆಪ್ಪ ಯಾರದೋ ಮದುವೆಗೆಂದು ಮಸ್ಕಿಗೆ ಹೋದಾಗ, ತನ್ನ ತಲೆಗಿಂತ ಎತ್ತರದ ಚೀಲ ಹೊತ್ತ ಆ ಮನುಷ್ಯ ಬಸ್ ಸ್ಟ್ಯಾಂಡಿನಲ್ಲಿ ಅಶೋಕನ ಶಾಸನದ ಕಲ್ಲಿಗೆ ದಾರಿ ಕೇಳುತ್ತ ನಿಂತಿದ್ದ. ಗಾಳೆಪ್ಪ ಚೀಲ ಹೊತ್ತುಕೊಂಡು ಗುಡ್ಡ ಹತ್ತಿಸಿದ. ದಾರಿಯಲ್ಲಿ ಆತ ತಾನು ದೊಡ್ಡ ಕಂಪನಿಯ ಕೆಲಸಕ್ಕೆ ಒಂದು ವರ್ಷ ರಜಾ ಹಾಕಿದ್ದೇನೆ, ಒಬ್ಬನೇ ಊರೂರು ತಿರುಗುತ್ತ ಕಾಡು ಪ್ರಾಣಿ ನೋಡುತ್ತೇನೆ ಎಂದ. ಕಿಸೆಯಿಂದ ಒಂದು ಫೋಟೋ ತೆಗೆದು ತೋರಿಸಿದ. ಕಪ್ಪು ಬಿಳುಪಿನ ಫೋಟೋ; ಬಂಡೆಯ ಮೇಲೆ ಒಂದು ತೋಳ ನಿಂತು ನೇರವಾಗಿ ನೋಡುತ್ತಿತ್ತು.

"ಇದರ ಕಣ್ಣು ಯಾವ ಬಣ್ಣ ಸಾಬ್?" ಎಂದು ಗಾಳೆಪ್ಪ ತನಗೆ ಬಂದ ಹಿಂದಿಯಲ್ಲಿ ಕೇಳಿದ.

ಬೊಂಬಾಯಿಯವನು ನಕ್ಕುಬಿಟ್ಟ. "ನಿಮ್ಮ ಗುಡ್ಡದಲ್ಲೇ ತೆಗೆದ ಫೋಟೋ ಇದು. ನಿಮ್ಮ ತೋಳ. ನೀನು ನೋಡಿಯೇ ಇಲ್ಲವಾ?"

ಆ ಮಾತು ಕಾಲಿಗೆ ಹೊಕ್ಕು ಮುರಿದ ಜಾಲಿಮುಳ್ಳಿನಂತೆ ಎರಡು ವರ್ಷ ಒಳಗೇ ಉಳಿಯಿತು. ಬಾಯ್ಲರಿನ ಬೆಂಕಿ ನೋಡಿದಾಗಲೆಲ್ಲ ಚುಚ್ಚಿತು. ನನ್ನ ಗುಡ್ಡದ ತೋಳವನ್ನು ಬೊಂಬಾಯಿಯವನು ನೋಡಿ ಹೋಗುತ್ತಾನೆ, ನಾನು ಹೊಟ್ಟು ನೋಡುತ್ತ ಸಾಯಬೇಕು. ಕೆಲಸ ಬಿಡುವುದಕ್ಕೂ ದೊಡ್ಡ ಕೆಲಸವೇ ಇರಬೇಕೇನು? ಗಾಳೆಪ್ಪನಿಗೆ ಬೇಕಾದದ್ದು ಅಷ್ಟೇ: ಆ ಕಣ್ಣಿನ ಬಣ್ಣ ತನ್ನ ಕಣ್ಣಾರೆ ಕಾಣಬೇಕು.

ಸಂತೆಯಲ್ಲಿ ಕೊಂಡ ಹಳೆಯ ಮಿಲಿಟರಿ ಚೀಲ, ಅದರಲ್ಲಿ ಅವಲಕ್ಕಿ, ಚಟ್ನಿಪುಡಿ, ಒಂದು ತಂಬಿಗೆ, ಒಂದು ಬ್ಯಾಟರಿ. ಬಳಗಾನೂರಿನ ತನಕ ಒಣ ಕಾಲುವೆಯ ತಳದಲ್ಲೇ ನಡೆದ. ಬಿರಿದ ಕೆಸರಿನಲ್ಲಿ ಸತ್ತ ಮೀನಿನ ನಾತ. ಬಳಗಾನೂರು ದಾಟಿ ಮಸ್ಕಿಯ ಕಡೆ ತಿರುಗಿದ ಮೇಲೆ ಎರೆಹೊಲದಲ್ಲಿ ಚಿಗರಿಗಳ ಹಿಂಡು ಕಂಡಿತು. ಕೊಂಬು ತಿರುಚಿದ ಕರಿ ಗಂಡೊಂದು ತಲೆ ಎತ್ತಿ ನೋಡಿತು, ಮರುಕ್ಷಣ ಹಿಂಡಿಗೆ ಹಿಂಡೇ ನೆಲ ಮುಟ್ಟದಂತೆ ಹಾರಿ ಹೋಯಿತು. ಗಾಳೆಪ್ಪ ಬಾಯಿ ತೆರೆದು ನಿಂತ. ಹೆಗಲು ಕಿತ್ತು ಹೋಗುತ್ತಿತ್ತು, ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತ್ತು. ಆದರೂ ಹನ್ನೆರಡು ವರ್ಷದಲ್ಲಿ ಮೊದಲ ಸಲ ಯಾರೂ ಅವನಿಗೆ "ಲೇ" ಎಂದು ಕೂಗಿರಲಿಲ್ಲ.

ಎರಡನೆಯ ಬೆಳಿಗ್ಗೆ ಚೀಲ ಎತ್ತಿದರೆ ಅದರ ಕೆಳಗೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಕುಕ್ಕರಿನಂತೆ ಬುಸುಗುಟ್ಟಿತು. ಕೈಯಲ್ಲಿ ಬಡಿಗೆ ಇತ್ತು, ಹೊಡೆಯಲಿಲ್ಲ. ಅದು ತನ್ನ ಪಾಡಿಗೆ ಬಂಡೆಯ ಸಂದಿಗೆ ಹೋಗುವವರೆಗೆ ಕಾಯ್ದ. ಎದೆ ಎಷ್ಟು ಜೋರು ಹೊಡೆದುಕೊಳ್ಳುತ್ತಿತ್ತೆಂದರೆ ಅವನಿಗೆ ನಗು ಬಂತು.

ಮೂರನೆಯ ದಿನ ಮನುಷ್ಯರು ಸಿಕ್ಕರು. ಮಸ್ಕಿಯ ಆಚೆಯ ಒಂದು ಹಳ್ಳಿಯ ಹೊರಗೆ, ಪಾಳುಬಿದ್ದ ಕಲ್ಲುಕಂಬಗಳ ನಡುವೆ ಕುಕ್ಕರಗಾಲಲ್ಲಿ ಕುಳಿತು ಗಾಳೆಪ್ಪ ಕಡ್ಡಿಯಿಂದ ನರಿಯ ಹಿಕ್ಕೆ ಕೆದಕಿ ಅದು ಏನು ತಿಂದಿದೆ ಎಂದು ನೋಡುತ್ತಿದ್ದ. ಬೆನ್ನ ಹಿಂದೆ ಏಳೆಂಟು ಜನ.

"ನಿಧಿ ತೆಗಿಯಾಕ ಬಂದೀಯೇನಲೇ ಮಗನ?"

"ಇಲ್ರೀ. ನರಿ ನೋಡಾಕ."

"ನರಿ! ನಾವೇನು ಕಿವ್ಯಾಗ ಹೂವು ಇಟ್ಕೊಂಡೀವೇನು?"

ಬೇವಿನ ಮರಕ್ಕೆ ಕಟ್ಟಿ ಹೊಡೆದರು. ಚೀಲ ಸುರುವಿದರು. ಹಾರೆ ಸಿಗಲಿಲ್ಲ, ನಿಂಬೆಹಣ್ಣು ಕುಂಕುಮ ಸಿಗಲಿಲ್ಲ, ಅವಲಕ್ಕಿ ಸಿಕ್ಕಿತು. ಅದಕ್ಕೆ ಇನ್ನೂ ಸಿಟ್ಟು ಬಂತು ಅವರಿಗೆ. ಕಳ್ಳನಾದರೆ ಅರ್ಥವಾಗುತ್ತದೆ, ಏನೂ ಕಾರಣವಿಲ್ಲದೆ ತಿರುಗುವ ಬಡವ ಎಂದರೆ ಅದ್ಯಾವ ಜಾತಿಯ ಪ್ರಾಣಿ? ಬೊಂಬಾಯಿಯವನಿಗೆ ಇದೇ ಊರಿನವರು ಚಹಾ ಕುಡಿಸಿರಬೇಕು. ಗಾಳೆಪ್ಪನ ಮುಂದಿನ ಒಂದು ಹಲ್ಲು ಮುರಿದು, ಬ್ಯಾಟರಿ ಕಸಿದುಕೊಂಡು, ಲಿಂಗಸೂಗೂರಿನ ಹಾದಿ ತೋರಿಸಿ ಅಟ್ಟಿದರು.

ರಕ್ತ ಉಗುಳುತ್ತ ಅವನು ಹುಲಿಗುಂಡು ಎಂಬ ಗುಡ್ಡದ ಬುಡಕ್ಕೆ ಬಂದ. ಹೆಸರು ಹುಲಿಗುಂಡು, ಆದರೆ ಅಲ್ಲಿ ಹುಲಿ ಕಂಡವರ ಮೊಮ್ಮಕ್ಕಳೂ ಈಗ ಸತ್ತಿದ್ದಾರೆ. ಒಂದರ ಮೇಲೊಂದು ಒಟ್ಟಿದ ಹಾಗಿರುವ ಬೋಳು ಬಂಡೆಗಳು, ಸಂದಿಯಲ್ಲಿ ಜಾಲಿ. ಬುಡದಲ್ಲಿ ಒಂದು ಅರ್ಧ ಕುಸಿದ ಬಾವಿ, ಅದರ ಹತ್ತಿರ ಕುರಿಹಟ್ಟಿ. ಹಟ್ಟಿಯಲ್ಲಿ ಇಬ್ಬರೇ: ಅಮರಮ್ಮ ಎಂಬ ನಲವತ್ತರ ವಿಧವೆ, ಮತ್ತು ಅವಳ ಮೈದುನ ಮೈಲಾರಲಿಂಗಪ್ಪ. ಅರವತ್ತು ಕುರಿ, ಎರಡು ನಾಯಿ.

ಅಮರಮ್ಮ ಅವನ ಬಾಯಿ ನೋಡಿ ಮೊದಲು ನಕ್ಕಳು. ಆಮೇಲೆ ಉಪ್ಪುನೀರು ಕೊಟ್ಟಳು, ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಸಿ ಕೊಟ್ಟಳು.

"ಯಾವ ಊರಪ್ಪಾ?"

"ಸಿಂಧನೂರಬೇ. ಗಿರಣ್ಯಾಗ ದುಡೀತೀನಿ."

"ನೀರಿನ ಸೀಮಿಯಿಂದ ಈ ಬೆಂಕ್ಯಾಗ ಸಾಯಾಕ ಬಂದೀಯೇನು? ಇರಲಿ ಬಿಡು. ಹಟ್ಟ್ಯಾಗ ಉಣ್ಣು, ನೀರು ಸೇದಿ ಕುಡಿ, ಯಾರೂ ಕೇಳಂಗಿಲ್ಲ. ಒಂದು ಮಾತು ಮಾತ್ರ. ಗುಡ್ಡದಾಗ ಏನು ಕಂಡ್ರೂ ಬಂದು ಹೇಳಬೇಕು. ಹೆಜ್ಜಿ ಕಂಡ್ರ ಹೆಜ್ಜಿ, ಹಿಕ್ಕಿ ಕಂಡ್ರ ಹಿಕ್ಕಿ."

"ಯಾತರದು?"

ಮೈಲಾರಲಿಂಗಪ್ಪ ಕುರಿಗಳ ಕಡೆ ನೋಡಿ ದನಿ ಇಳಿಸಿದ. "ಇವು ಕೇಳ್ಸಿಕೊಳ್ಳೋ ಹಾಂಗ ಅದರ ಹೆಸರು ಎತ್ತಬಾರದು. ಅದರದ."

ಆ ಬಯಲಿನ ರಿವಾಜು ಅದು. ಹಾದಿಹೋಕನಿಗೆ ಹಟ್ಟಿಯವರು ನೀರು ಕೊಡುತ್ತಾರೆ, ಹಾದಿಹೋಕ ತೋಳದ ಸುದ್ದಿ ಕೊಡುತ್ತಾನೆ. ಜಂಗಮನಿರಲಿ, ಬಳೆಗಾರನಿರಲಿ, ತಪ್ಪಿಸುವಂತಿಲ್ಲ. ಗಾಳೆಪ್ಪ ತಲೆಯಾಡಿಸಿ ಎರಡನೆಯ ರೊಟ್ಟಿಗೆ ಕೈ ಹಾಕಿದ.

ಮರುದಿನವೇ ತೋಳ ಕಂಡಿತು.

ಬಂಡೆಯ ಸಂದಿಯೊಂದರ ಬಾಯಲ್ಲಿ ಉಣ್ಣೆಯ ಎಳೆ, ಮೂಳೆಯ ಚೂರು. ಅವನು ಎದುರಿನ ಗುಂಡುಗಲ್ಲಿನ ಮೇಲೆ ಬೋರಲು ಮಲಗಿ ಮಧ್ಯಾಹ್ನದವರೆಗೆ ಕಾಯ್ದ. ಬಂಡೆ ಹೆಂಚಿನ ಹಾಗೆ ಕಾದಿತ್ತು. ಬಾಯ್ಲರಿನ ಮುಂದೆ ನಿಂತವನಿಗೆ ಅದು ಲೆಕ್ಕವಿಲ್ಲ. ಮೊದಲು ಹೊರಗೆ ಬಂದದ್ದು ಮರಿಗಳು. ನಾಲ್ಕು. ಒಂದರ ಬಾಲ ಇನ್ನೊಂದು ಕಚ್ಚುತ್ತ ಉರುಳಾಡಿದವು. ಆಮೇಲೆ ತಾಯಿ. ಬಡಕಲು ಮೈ, ಉದ್ದ ಕಾಲು, ಒಣ ಹುಲ್ಲಿನ ಬಣ್ಣ. ಇನ್ನೂರು ಹೆಜ್ಜೆ ದೂರದಲ್ಲಿ ನಿಂತು ಅವಳು ಅವನಿದ್ದ ಗುಂಡಿನ ಕಡೆ ನೋಡಿದಳು. ನೋಡಿದಳು ಅಷ್ಟೇ, ಓಡಲಿಲ್ಲ. ಗಾಳೆಪ್ಪ ಮುರಿದ ಹಲ್ಲಿನ ಸಂದಿಯಿಂದ ಉಸಿರು ಬಿಟ್ಟ. ಅಷ್ಟು ದೂರದಿಂದ ಕಣ್ಣಿನ ಬಣ್ಣ ಕಾಣಲಿಲ್ಲ.

ಸಂಜೆ ಹಟ್ಟಿಗೆ ಇಳಿದಾಗ ಅಮರಮ್ಮ ತಾಯಿ ಸತ್ತ ಒಂದು ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಅದರ ಕೊರಳಿಗೆ ಗುರುತಿಗೆಂದು ತನ್ನ ಹಳೆಯ ಕುಪ್ಪಸದ ಕೆಂಪು ಚಿಂದಿ ಕಟ್ಟಿದ್ದಳು. ಮರಿಯನ್ನು ಅವನ ತೊಡೆಯ ಮೇಲಿಟ್ಟು ಕೇಳಿದಳು.

"ಏನರ ಕಂಡೇನಪ್ಪಾ ಮ್ಯಾಲ?"

"ಇಲ್ಲಬೇ. ಖಾಲಿ ಬಂಡಿಗಲ್ಲು."

ಮರಿ ಅವನ ಬೆರಳನ್ನು ಮೊಲೆಯೆಂದು ಚೀಪುತ್ತಿತ್ತು.

ಯಾಕೆ ಸುಳ್ಳು ಹೇಳಿದ? ಹೇಳಿದ್ದರೆ ಅವರು ಆ ಹೊತ್ತಿಗೇ ಹೊಗೆ ಹಾಕಲು ಹೊರಡುತ್ತಿದ್ದರು, ಮರಿಗಳು ಸಾಯುತ್ತಿದ್ದವು. ಅದು ಒಂದು. ಇನ್ನೊಂದನ್ನು ಅವನು ತನಗೂ ಹೇಳಿಕೊಂಡಿರಲಿಲ್ಲ: ಅವಳು ಅವನ ತೋಳ. ಹುಟ್ಟಿದಾಗಿನಿಂದ ಅವನದೆಂದು ಒಂದೂ ಇರಲಿಲ್ಲ, ಈಗ ಇತ್ತು.

ಆರು ದಿನ ಹಾಗೆ ನಡೆಯಿತು. ಬೆಳಿಗ್ಗೆ ಗುಂಡಿನ ಮೇಲೆ, ಸಂಜೆ ಹಟ್ಟಿಯ ರೊಟ್ಟಿ, "ಏನರ ಕಂಡೇನು", "ಇಲ್ಲಬೇ". ಮೂರನೆಯ ದಿನ ಅಮರಮ್ಮ ಬಾವಿಗೆ ಹೋದ ಹೊತ್ತಿನಲ್ಲಿ ಬುಟ್ಟಿಯ ಕೆಳಗಿಟ್ಟ ಎರಡು ಮರಿ ಹೋದವು. ನಾಲ್ಕನೆಯ ದಿನ ಗುಂಡಿನ ಮೇಲೆ ಮಲಗಿದ್ದ ಗಾಳೆಪ್ಪನ ಕಣ್ಣೆದುರು ತಾಯಿತೋಳ ಬಾಯಲ್ಲಿ ಏನನ್ನೋ ಕಚ್ಚಿಕೊಂಡು ಬಂತು, ಮರಿಗಳ ಮುಂದೆ ಇಳಿಸಿತು. ಅದಿನ್ನೂ ಜೀವಂತ ಇತ್ತು. ಎದ್ದು ನಿಲ್ಲಲು ನೋಡಿತು. ಕೊರಳಲ್ಲಿ ಕೆಂಪು ಚಿಂದಿ. ನಾಲ್ಕೂ ಮರಿಗಳು ಹಾಲುಹಲ್ಲಿನಿಂದ ಕಚ್ಚಿದವು, ಕೊಲ್ಲಲು ಬರಲಿಲ್ಲ, ಮತ್ತೆ ಕಚ್ಚಿದವು. ತಾಯಿ ಪಕ್ಕಕ್ಕೆ ಕುಳಿತು ನೋಡಿತು, ಮಗ್ಗಿ ಕಲಿಸುವ ಮಾಸ್ತರನ ಹಾಗೆ. ಕುರಿಮರಿ ಬಹಳ ಹೊತ್ತು ಕೂಗಿತು. ಗಾಳೆಪ್ಪನ ಬೆರಳು ತಣ್ಣಗಾಯಿತು. ಆದರೂ ಕಣ್ಣು ಕೀಳಲಿಲ್ಲ. ಇಂಥದ್ದನ್ನು ಬೊಂಬಾಯಿಯವನೂ ಕಂಡಿರಲಿಕ್ಕಿಲ್ಲ ಎಂದುಕೊಂಡ.

ಆ ಸಂಜೆ ಅಮರಮ್ಮ ಖಾಲಿ ಬಾಟಲಿ ಹಿಡಿದು ಕುಳಿತಿದ್ದಳು. "ಕೊಳ್ಳಾಗ ಕೆಂಪರಿವಿ ಕಟ್ಟಿದ್ನಲ್ಲ, ಅದೂ ಹೋತು. ಕಂಡ್ಯಾ ಏನಾರ?"

"ಇಲ್ಲಬೇ," ಎಂದ.

ಅವಳು ರೊಟ್ಟಿ ಕೊಟ್ಟಳು. ಅವನು ತಿಂದ.

ಇಷ್ಟಾದರೂ ಅವನಿಗೆ ಕಣ್ಣು ಕಂಡಿರಲಿಲ್ಲ. ಬಿಸಿಲು ಏರಿದಂತೆ ತೋಳ ದಿನಕ್ಕೊಮ್ಮೆ ಎಲ್ಲಿಗೋ ದೂರದ ಕೆರೆಯ ಕಡೆ ನೀರಿಗೆ ಹೋಗಿ ಬರತೊಡಗಿತು. ಬರುವಾಗ ನಾಲಿಗೆ ನೆಲ ಮುಟ್ಟುವ ಹಾಗೆ ಜೋತಿರುತ್ತಿತ್ತು. ಗಾಳೆಪ್ಪ ಮಲಗುತ್ತಿದ್ದ ಗುಂಡಿನ ಬುಡದಲ್ಲೇ ಒಂದು ದೊಣೆ ಇತ್ತು. ಬಂಡೆಯಲ್ಲಿ ತಾನಾಗಿ ಬಿದ್ದ ತಗ್ಗು, ಮಳೆಗಾಲದಲ್ಲಿ ನೀರು ನಿಲ್ಲುವಂಥದ್ದು, ಈಗ ಒಣಗಿ ಬಿಳಿಯಾಗಿತ್ತು. ಅದಕ್ಕೆ ನೀರು ತುಂಬಿದರೆ? ಅವಳಿಗೆ ಕೆರೆಯ ತನಕ ನಡೆಯುವುದು ತಪ್ಪುತ್ತದೆ. ಮತ್ತೆ, ಅವಳು ಇಲ್ಲಿಗೆ ಬರುತ್ತಾಳೆ. ಹತ್ತು ಮೊಳ ದೂರಕ್ಕೆ.

ಹಟ್ಟಿಯ ಕೊಡ ತೆಗೆದುಕೊಂಡು ಬಾವಿಯಿಂದ ಸೇದಿ, ನಸುಕಿಗೇ ಎರಡು ಕೊಡ ಹೊತ್ತು ಹತ್ತಿಸಿದ. ದೊಣೆ ಅರ್ಧ ತುಂಬಿತು. ಎರಡು ದಿನ ಅವಳು ದೂರ ನಿಂತು ಮೂಸಿದಳು. ಮೂರನೆಯ ದಿನ ಅವನು ಹಿಂದಿನ ಬಂಡೆಗೆ ಸರಿದಾಗ ಬಂದು ಕುಡಿದಳು. ತಲೆ ಬಗ್ಗಿಸಿ ಕುಡಿದಳು, ಕಣ್ಣು ಕಾಣಲಿಲ್ಲ. ಆದರೆ ನಾಲಿಗೆಯ ಸಪ್ಪಳ ಕೇಳಿಸಿತು. ಆ ಸಪ್ಪಳಕ್ಕೆ ಗಾಳೆಪ್ಪ ಮೈಮರೆತ.

ಕಾಲುವೆಯ ಸೀಮೆಯಲ್ಲಿ ಬೆಳೆದವನು ಅವನು. ಅಲ್ಲಿ ನೀರು ಎಂದರೆ ಬರುತ್ತದೆ, ಹೋಗುತ್ತದೆ, ಎರಡು ಕೊಡ ಎಲ್ಲಿ ಸುರಿದರೂ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಒಣಬಯಲಿನಲ್ಲಿ ಬೇಸಿಗೆಯ ನೀರನ್ನು ಮುಚ್ಚಿಡಲು ಬರುವುದಿಲ್ಲ. ಮೊದಲು ಜೇನುನೊಣ ಬಂದವು. ಆಮೇಲೆ ಬೆಳವ ಹಕ್ಕಿಗಳು. ಒಂದು, ಎರಡು, ಮರುದಿನ ಹತ್ತು, ಅದರ ಮರುದಿನ ಗುಂಪು ಗುಂಪು. ನಾಲ್ಕೂ ದಿಕ್ಕಿನಿಂದ ಬಂದು ಹುಲಿಗುಂಡಿನ ಒಂದೇ ಜಾಗಕ್ಕೆ ಇಳಿಯತೊಡಗಿದವು. ಗಾಳೆಪ್ಪ ಅವನ್ನೂ ನೋಡಿ ಖುಷಿಪಟ್ಟ. ಬುಡದಲ್ಲಿ ಹಣೆಗೆ ಕೈ ಅಡ್ಡ ಹಿಡಿದು ಅಮರಮ್ಮನೂ ಅವನ್ನೇ ನೋಡುತ್ತಿದ್ದಳು ಎಂಬುದು ಅವನಿಗೆ ಗೊತ್ತಿರಲಿಲ್ಲ.

ಅಂದು ತೋಳ ಬೇಟೆಗೆ ಹೋಗಿತ್ತು. ಗಾಳೆಪ್ಪ ಕೊಡ ಬಗ್ಗಿಸುತ್ತಿದ್ದಾಗ ಹಿಂದಿನಿಂದ ದನಿ ಕೇಳಿತು.

"ಹಾಕಪ್ಪಾ, ಹಾಕು. ಖಾಲಿ ಬಂಡಿಗಲ್ಲಿಗೆ ಬಾಯಾರಿಕಿ ಆಗಿರಬೇಕು."

ಅಮರಮ್ಮ, ಮೈಲಾರಲಿಂಗಪ್ಪ, ಎರಡು ನಾಯಿ. ನಾಯಿಗಳು ಆಗಲೇ ಮೂಗು ನೆಲಕ್ಕೆ ಹಚ್ಚಿದ್ದವು. ಎಷ್ಟು ಹೊತ್ತು ಬೇಕು? ಎದುರಿನ ಸಂದಿಯ ಮುಂದೆ ನಿಂತು ಬೊಗಳಿದವು. ಅಮರಮ್ಮ ಅಲ್ಲಿಗೆ ಹೋಗಿ ಬಗ್ಗಿ, ಮೂಳೆಗಳ ನಡುವಿನಿಂದ ಏನನ್ನೋ ಎತ್ತಿಕೊಂಡು ಬಂದಳು. ಕೆಂಪು ಚಿಂದಿ. ಅದನ್ನು ಗಾಳೆಪ್ಪನ ಹೆಗಲ ಮೇಲೆ ಹಾಕಿದಳು.

"ಎಷ್ಟು ದಿನದಿಂದ?"

ಅವನು ಕೊಡ ಕೆಳಗಿಟ್ಟ.

"ಒಂಬತ್ತು ಮರಿ ಹೋದ್ವು. ಒಂಬತ್ತೂ ದಿನ ನನ್ನ ರೊಟ್ಟಿ ತಿಂದೀ. ನನ್ನ ಕೊಡದಾಗ ನನ್ನ ಬಾವಿ ನೀರು ಇದಕ್ಕ ಹೊತ್ತು ಹಾಕೀದಿ. ಯಾಕಪ್ಪಾ? ನಾ ನಿನಗ ಏನು ಮಾಡಿದ್ದೆ?"

"ನೋಡಬೇಕಂತ ಆಸೆ ಆಗಿತ್ತಬೇ."

"ನೋಡಬೇಕಂತ," ಎಂದು ಅಮರಮ್ಮ ಮೈದುನನ ಕಡೆ ತಿರುಗಿದಳು. "ಕೇಳಿದ್ಯಾ? ನೋಡಬೇಕಂತ. ಸಿಂಧನೂರಾಗ ನಾಟಕ ಕಂಪನಿ ಇಲ್ಲಂತ ಕಾಣ್ತತಿ."

ಯಾರೂ ಅವನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಚಲೋ ಇತ್ತು. ಒಣ ಜಾಲಿ, ಬೇವಿನ ಸೊಪ್ಪು, ಮೇಲೆ ಎರಡು ಬೊಗಸೆ ಒಣಮೆಣಸಿನಕಾಯಿ. ಸಂದಿಯ ಬಾಯಿಗೆ ಬೆಂಕಿ ಹಚ್ಚಿ ಮೈಲಾರಲಿಂಗಪ್ಪ ಕಂಬಳಿಯ ಒಂದು ತುದಿ ತಾನು ಹಿಡಿದು ಇನ್ನೊಂದು ತುದಿ ಗಾಳೆಪ್ಪನ ಕೈಗೆ ಕೊಟ್ಟ. "ಹೊಗಿ ಹೊರಗ ಬರಬಾರದು. ಬಿಗಿ ಹಿಡಿ." ಗಾಳೆಪ್ಪ ಹಿಡಿದ. ಒಳಗೆ ಮೊದಲು ಸೀನು, ಆಮೇಲೆ ಕುಂಯ್ಗುಟ್ಟುವುದು, ಆಮೇಲೆ ಬಂಡೆಗೆ ಉಗುರು ಕೆರೆಯುವ ಸಪ್ಪಳ. ಆಮೇಲೆ ಏನೂ ಇಲ್ಲ. ಹೊಗೆ ಮತ್ತು ಬೆಂಕಿಯ ಕೆಲಸದಲ್ಲಿ ಆ ಬಯಲಿನಲ್ಲಿ ಅವನಷ್ಟು ನುರಿತವರು ಇರಲಿಲ್ಲ. ಕೊಕ್ಕೆಯಿಂದ ನಾಲ್ಕನ್ನೂ ಎಳೆದು ಸಾಲಾಗಿ ಮಲಗಿಸಿದರು.

"ತಾಯಿ ಉಳದ್ರ ಅರವತ್ತೂ ಕುರಿ ಉಳಿಯಂಗಿಲ್ಲ," ಎಂದ ಮೈಲಾರಲಿಂಗಪ್ಪ. ಸೊಂಟದಿಂದ ಒಂದು ಸಣ್ಣ ಬಾಟಲಿ ತೆಗೆದ. ಹತ್ತಿ ಹೊಲಕ್ಕೆ ಹೊಡೆಯುವ ಎಂಡ್ರಿನ್ ವಿಷ. "ದೊಣಿಗೆ ಹಾಕು."

"ನಾನಾ?"

"ಮತ್ತ? ನಮ್ಮ ವಾಸನಿ ಬಡದ್ರ ಅದು ಹತ್ರ ಬರಂಗಿಲ್ಲ. ನಿಂದು ರೂಢಿ ಆಗೈತಿ. ನೀನ ಹಾಕಬೇಕು, ನೀನ ಕುಂದ್ರಬೇಕು. ನಾವು ಗಾಳಿ ತೆಳಗ ಕೂತಿರ್ತೀವಿ."

"ನನ್ನ ಕೈಲಿ ಆಗಂಗಿಲ್ಲ."

ಅಮರಮ್ಮ ದನಿ ಏರಿಸಲಿಲ್ಲ. "ಆತು. ಹೋಗು. ನೀರು ಕುಡಿದು ಸುಳ್ಳು ಹೇಳಿದವ, ಹುಬ್ಬಿಲ್ಲದವ, ಮುಂದಿನ ಹಲ್ಲು ಮುರದವ ಅಂತ ಇವತ್ತ ಸುದ್ದಿ ಬಿಡ್ತೀನಿ. ಇಲ್ಲಿಂದ ಲಿಂಗಸೂಗೂರಿನ ತನಕ ಯಾವ ಹಟ್ಟ್ಯಾಗೂ ಹನಿ ನೀರು ಹುಟ್ಟಂಗಿಲ್ಲ ನಿನಗ. ನಾಯಿ ಬಿಡ್ತಾರ."

ಸಾಯುತ್ತಿರಲಿಲ್ಲ ಅವನು. ಮಸ್ಕಿ ಮೂರು ಹರದಾರಿ. ಸಂಜೆಯ ತಂಪಿನಲ್ಲಿ ನಡೆದರೆ ಬೆಳಗಾಗುವುದರೊಳಗೆ ಮುಟ್ಟುತ್ತಿದ್ದ. ಒಂದು ಹೊತ್ತು ಬಾಯಿ ಒಣಗುತ್ತಿತ್ತು, ಒಂದೆರಡು ಕಡೆ ಕಲ್ಲು ಬೀಳುತ್ತಿತ್ತು, ಅಷ್ಟೇ. ಸುಣ್ಣದ ಬಕೀಟು ಒದ್ದ ಕಾಲು ಅದು. ಆದರೆ ಬೇವಿನ ಮರಕ್ಕೆ ಕಟ್ಟಿಸಿಕೊಂಡ ಮೈ ನೆನಪಿಟ್ಟುಕೊಂಡಿತ್ತು. ಗಾಳೆಪ್ಪ ಬಾಟಲಿ ತೆಗೆದುಕೊಂಡ. ದೊಣೆಗೆ ಬಗ್ಗಿಸಿದ. ನೀರು ಹಾಲಿನ ಹಾಗೆ ಬೆಳ್ಳಗಾಯಿತು. ಮೈಲಾರಲಿಂಗಪ್ಪ ನಾಲ್ಕರಲ್ಲಿ ಒಂದು ಮರಿಯನ್ನು ಕೊಕ್ಕೆಯಿಂದ ಎಳೆದು ದೊಣೆಯ ಅಂಚಿಗೆ ತಂದು ಮಲಗಿಸಿದ, ನೀರು ಕುಡಿಯಲು ಬಂದು ನಿದ್ದೆ ಹೋದ ಹಾಗೆ.

ಅವರಿಬ್ಬರೂ ನಾಯಿಗಳನ್ನು ಹಿಡಿದುಕೊಂಡು ಇಳಿದು ಹೋದರು. ಗಾಳೆಪ್ಪ ಗುಂಡಿನ ಮೇಲೆ ಒಬ್ಬನೇ ಕುಳಿತ.

ಮೊದಲು ಬೆಳವಗಳು ಬಂದವು. ಕುಡಿದು ಹಾರಿದವು, ಹಾರಿದವು ಬಿದ್ದವು. ಒಂದು ಅವನ ಚೀಲದ ಮೇಲೇ ಬಿದ್ದು ರೆಕ್ಕೆ ಬಡಿಯಿತು. ಅವನು ಮುಂದೆ ಬಂದವನ್ನು ಓಡಿಸಲು ಒಂದು ಕಲ್ಲು ಎತ್ತಿಕೊಂಡ. ಕಲ್ಲು ಕೈಗೆ ಬಂದ ಮೇಲೆ ಅವನಿಗೆ ಹೊಳೆಯಿತು: ಇದೊಂದೇ ಸಾಕು. ಅವಳು ಬಂದಾಗ ಎಸೆದರೆ, ಬೆದರಿ ಓಡುತ್ತಾಳೆ, ಮತ್ತೆ ಈ ಗುಡ್ಡದ ಕಡೆ ತಲೆ ಹಾಕುವುದಿಲ್ಲ. ಅವರಿಗೆ ಇಲ್ಲಿ ಏನಾಯಿತೆಂದು ಕಾಣುವುದಿಲ್ಲ. ಬರಲೇ ಇಲ್ಲ ಎಂದರಾಯಿತು. ಒಂಬತ್ತು ಸುಳ್ಳಿನ ಮೇಲೆ ಹತ್ತನೆಯದು. ಗಾಳೆಪ್ಪನ ಎದೆ ಹಗುರಾಯಿತು. ಕಲ್ಲನ್ನು ಬಿಗಿಹಿಡಿದು ಕಾಯ್ದ.

ಹೊತ್ತು ಇಳಿಯುವಾಗ ಬಂದಳು. ಮೊದಲು ಸಂದಿಗೆ ಹೋದಳು, ಬೂದಿ ಮೂಸಿದಳು, ಸುತ್ತಿದಳು. ಸಣ್ಣ ದನಿಯಲ್ಲಿ ಕರೆದಳು. ಆಮೇಲೆ ದೊಣೆಯ ಅಂಚಿನ ಮರಿ ಕಂಡಿತು. ಮೈ ನೆಲಕ್ಕೆ ಹಚ್ಚಿ, ನಿಂತು ನಿಂತು, ಬಂದಳು. ನೂರು ಹೆಜ್ಜೆ. ಎಸೆ, ಎಂದುಕೊಂಡ. ಐವತ್ತು. ಇನ್ನೂ ಸ್ವಲ್ಪ ಹತ್ತಿರ ಬಂದರೆ ಗುರಿ ತಪ್ಪುವುದಿಲ್ಲ, ಎಂದುಕೊಂಡ. ಇಪ್ಪತ್ತು. ಮರಿಯನ್ನು ಮೂಸಿದಳು, ನೆಕ್ಕಿದಳು, ಮೂತಿಯಿಂದ ದೂಡಿ ಎಬ್ಬಿಸಲು ನೋಡಿದಳು. ಅದರ ಕಿವಿ ಕಚ್ಚಿ ಎಳೆದಳು. ಹತ್ತು ಮೊಳ ದೂರ. ಅವಳ ಪಕ್ಕೆಲುಬು ಏರಿಳಿಯುವುದು ಕಾಣುತ್ತಿತ್ತು. ಯಾವತ್ತೂ ಇಷ್ಟು ಹತ್ತಿರ ಬಂದಿರಲಿಲ್ಲ.

ಅವಳು ತಲೆ ಎತ್ತಿದಳು. ನೇರ ಅವನ ಮುಖಕ್ಕೆ ನೋಡಿದಳು.

ಹಳದಿ. ಬೆಂಕಿಯ ಹಳದಿಯಲ್ಲ, ಬಂಗಾರವಲ್ಲ. ಹಣ್ಣಾಗಿ ಇನ್ನೇನು ಉದುರುವ ಬೇವಿನಕಾಯಿಯ ಹಳದಿ. ಅಂಚಿನಲ್ಲಿ ಕಾಡಿಗೆ ಎಳೆದ ಹಾಗೆ ಕಪ್ಪು. ಗಾಳೆಪ್ಪ ನೋಡಿದ. ಎರಡು ವರ್ಷ ಬಾಯ್ಲರಿನ ಮುಂದೆ ನಿಂತು ನೆನೆದದ್ದು ಇದನ್ನೇ. ನೋಡಿದ, ನೋಡುತ್ತಲೇ ಇದ್ದ, ಕಣ್ಣು ಮಿಟುಕಿಸಿದರೆ ಎಲ್ಲಿ ಹೋದೀತೋ ಎಂದು ಮಿಟುಕಿಸದೆ ನೋಡಿದ. ಅವಳು ತಲೆ ಬಗ್ಗಿಸಿದಳು. ನಾಲಿಗೆಯ ಸಪ್ಪಳ ಕೇಳಿಸಿತು. ಆಗ ಅವನಿಗೆ ಕೈಯಲ್ಲಿ ಕಲ್ಲಿದ್ದದ್ದು ನೆನಪಾಯಿತು.

ಎಸೆದ. ಬಿತ್ತು. ಅವಳು ಹಾರಿ ಹಿಂದೆ ಸರಿದಳು, ನಾಲ್ಕು ಹೆಜ್ಜೆ ಓಡಿದಳು, ಹಿಂಗಾಲು ಮಡಚಿತು. ಎದ್ದು ಮರಿಯ ಕಡೆಗೇ ಬರಲು ನೋಡಿದಳು. ಆಮೇಲಿನದಕ್ಕೆ ಬಹಳ ಹೊತ್ತು ಹಿಡಿಯಿತು, ಕೆಂಪು ಚಿಂದಿಯ ಕುರಿಮರಿಗೆ ಹಿಡಿದಷ್ಟು. ಗಾಳೆಪ್ಪ ಅದನ್ನೂ ಪೂರ್ತಿ ನೋಡಿದ.

ಮರುದಿನ ಬಡಿಗೆಗೆ ಕಾಲು ಕಟ್ಟಿ ಐದನ್ನೂ ಹೊತ್ತುಕೊಂಡು ಹಟ್ಟಿ ಹಟ್ಟಿಗೆ ತಿರುಗಿದರು. ತೋಳ ಕೊಂದವನಿಗೆ ಹಟ್ಟಿಯವರು ಮರ್ಯಾದೆ ಮಾಡುವುದು ರೂಢಿ. ಎಲ್ಲ ಕಡೆ ಮೈಲಾರಲಿಂಗಪ್ಪ ಗಾಳೆಪ್ಪನನ್ನೇ ಮುಂದೆ ನೂಕಿದ. "ಇಂವನ ನೋಡ್ರಿ ಹೊಡದಾವ. ಸಿಂಧನೂರಿಂದ ಬಂದಾನ. ಒಂಬತ್ತು ದಿನ ಕಾಯ್ದು, ನೀರಿಟ್ಟು ರೂಢಿ ಮಾಡ್ಸಿ ಹೊಡದಾನ. ಎಂಥಾ ತಲಿ ಅಂತೀರಿ!"

ಹೆಂಗಸರು ಅವನ ಕಾಲಿಗೆ ನೀರು ಹಾಕಿದರು. ಹಣೆಗೆ ಭಂಡಾರದ ಅರಿಶಿನ ಹಚ್ಚಿದರು. ಹಾಲು ಕುಡಿಸಿದರು. ಅವನು ಎಲ್ಲಿಯೂ ಇಲ್ಲ ಎನ್ನಲಿಲ್ಲ. ಲಿಂಗಸೂಗೂರಿನ ಹತ್ತಿರದ ದೊಡ್ಡ ಹಟ್ಟಿಯಲ್ಲಿ ಹೊಸ ಕರಿ ಕಂಬಳಿ ಹೊದಿಸಿದರು. ಬಸ್ಸು ಹತ್ತಿಸುವಾಗ ಅಮರಮ್ಮ ಬುತ್ತಿ ಕಟ್ಟಿ ಕೊಟ್ಟಳು, ಎಂಟು ರೊಟ್ಟಿ.

"ಮತ್ತ ಬಾರಪ್ಪಾ," ಎಂದಳು. "ನೋಡಬೇಕನ್ನಿಸಿದಾಗ ಬಾ."

ಕಾಲುವೆಗೆ ನೀರು ಬಿಟ್ಟರು. ಗಿರಣಿ ಶುರುವಾಯಿತು. ಗಾಳೆಪ್ಪ ಕಂಬಳಿಯನ್ನು ಬಾಯ್ಲರಿನ ಹಿಂದಿನ ಗೂಟಕ್ಕೆ ಹಾಕಿ ಸಲಿಕೆ ಹಿಡಿದ. ನರಸಣ್ಣ ಬೀಡಿ ಹಚ್ಚಿಕೊಳ್ಳಲು ಬೆಂಕಿಯ ಹತ್ತಿರ ಬಂದವನು ಕಂಬಳಿ ಮುಟ್ಟಿ ನೋಡಿದ.

"ಭಾರಿ ಮಾಲಪ್ಪಾ! ಎಲ್ಲಿ ಹೊಡಕೊಂಡು ಬಂದೀಲೇ?"

"ಕೊಟ್ರು."

"ಕೊಡ್ತಾರ, ನಿನ್ನ ಮಾರಿ ನೋಡಿ. ಅದಿರಲಿ, ತ್ವಾಳ ಕಂಡೇನು?"

"ಕಂಡೆ."

"ಖರೇವ? ಏನು ಮಾಡ್ತಲೇ ನಿನ್ನ ನೋಡಿ?"

ಗಾಳೆಪ್ಪ ಒಂದು ಸಲಿಕೆ ಹೊಟ್ಟು ಎತ್ತಿ ಬಾಯ್ಲರಿನ ಬಾಯಿಗೆ ಎಸೆದ.

"ನೀರು ಕುಡೀತು," ಎಂದ.